ಹೊನ್ನಹೊಂಡಕ್ಕೆ ಮೀನು ಬಿಟ್ಟ ಹುಲಿಗೆವ್ವ

ಬಹಳ ಹಿಂದೆ, ಬೆಟ್ಟಗಳು ಒಂದನ್ನೊಂದು ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ, ಸಿರಿಗಲ್ಲು ಎಂಬುದೊಂದು ರಾಜ್ಯವಿತ್ತು. ಅದನ್ನು ಕೇತರಾಯನೆಂಬ ಅರಸ ಆಳುತ್ತಿದ್ದ. ಅವನ ಅರಮನೆಯ ಮುಂದೆ ಹೊನ್ನಹೊಂಡ ಎಂಬ ದೊಡ್ಡ ಹೊಂಡವಿತ್ತು. ಅದರಲ್ಲಿ ಎಷ್ಟು ಮೀನಿದ್ದವೆಂದರೆ, ಸಂಜೆ ಅವೆಲ್ಲ ಒಟ್ಟಿಗೆ ತಲೆ ಎತ್ತಿದಾಗ ಮಳೆ ಬಿದ್ದ ಸದ್ದಾಗುತ್ತಿತ್ತು. ಊರಿನ ನೂರು ಮನೆ ಅಂಬಿಗರು ಆ ಹೊಂಡವನ್ನೇ ನಂಬಿ ಬದುಕಿದ್ದರು.

ಹೀಗಿರುವಾಗ ಬೂದಿಗಣ್ಣನೆಂಬ ಮಾಂತ್ರಿಕ ಅಲ್ಲಿಗೆ ಬಂದ. ಅವನ ಎರಡು ಕಣ್ಣೂ ಆರಿದ ಒಲೆಯ ಬೂದಿಯಂತಿದ್ದವು. ಹೊಂಡವನ್ನು ತನಗೆ ಕೊಡು ಎಂದು ಅರಸನನ್ನು ಕೇಳಿದ. ಅರಸ ಕೊಡಲಿಲ್ಲ. ಮಾಂತ್ರಿಕ ದಂಡೆಗೆ ಹೋಗಿ, ನೀರಿನ ಮೇಲೆ ಅಂಗೈ ಚಾಚಿ, ಮುಷ್ಟಿ ಬಿಗಿಹಿಡಿದ. ಹೊಂಡದ ಜೀವವೆಲ್ಲ ಆ ಮುಷ್ಟಿಯೊಳಕ್ಕೆ ಹೋಯಿತು. ಮೀನುಗಳು ಸತ್ತವು. ನೀರು ಕೆಸರಾಯಿತು, ಕೆಸರು ಹೂಳಾಯಿತು, ಹೂಳಿನ ಮೇಲೆ ಜಾಲಿ ಬೆಳೆಯಿತು. ಒಂಬತ್ತು ವರ್ಷ ಹೊಂಡ ಹಾಗೆಯೇ ಬಿದ್ದಿತ್ತು. ಮಳೆಗಾಲದಲ್ಲಿ ಅಲ್ಲಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟಿದವು. ಅವುಗಳ ಮರಿ ತಿನ್ನುವ ಮೀನಿರಲಿಲ್ಲ. ಊರಿಗೆ ನಡುಗುಜ್ವರ ಬಂತು. ಅಂಬಿಗರು ಒಬ್ಬೊಬ್ಬರಾಗಿ ಬಲೆ ಹೆಗಲಿಗೇರಿಸಿ ಪರರಾಜ್ಯದ ಹೊಳೆಗಳನ್ನು ಹುಡುಕಿಕೊಂಡು ಹೋದರು.

ಕೊನೆಗೆ ಕೇತರಾಯ ಹಟ ತೊಟ್ಟ. ಸಾವಿರ ಆಳು ಹಚ್ಚಿ ಜಾಲಿ ಕಡಿಸಿದ, ಹೂಳು ತೆಗೆಸಿದ, ನಾಲ್ಕು ಬದಿಗೂ ನುಣುಪುಗಲ್ಲಿನ ಮೆಟ್ಟಿಲು ಕಟ್ಟಿಸಿದ, ಮೂಲೆಗೊಂದು ಕಲ್ಲಾನೆ ನಿಲ್ಲಿಸಿದ. ಬಿಳಿಹೊಳೆಯಿಂದ ಕಾಲುವೆ ತಂದು ನೀರು ತುಂಬಿಸಿದ. ನೀರು ಎಷ್ಟು ತಿಳಿಯೆಂದರೆ ತಳಕ್ಕೆ ಬಿದ್ದ ಸೂಜಿ ಮೇಲಿನ ಮೆಟ್ಟಿಲಿಗೆ ಕಾಣುತ್ತಿತ್ತು. ಅರಸ ದಿನಕ್ಕೆ ಮೂರು ಸಲ ಬಂದು ಆ ನೀರಿನಲ್ಲಿ ತನ್ನ ಮುಖ ನೋಡಿಕೊಂಡು ಹೋಗುತ್ತಿದ್ದ.

ಮೊದಲ ಸಲ ನೂರು ಗಡಿಗೆ ಮೀನುಮರಿ ತಂದು ಬಿಟ್ಟರು. ಮೂರು ದಿನಕ್ಕೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ಎರಡನೆಯ ಸಲ ಇನ್ನೂರು ಗಡಿಗೆ ಬಿಟ್ಟರು. ಅವೂ ತೇಲಿದವು. ಮೂರನೆಯ ಸಲ ಮುನ್ನೂರು ಗಡಿಗೆ ಬಿಟ್ಟರು. ಅವು ತೇಲಲೂ ಇಲ್ಲ, ಮುಳುಗಿದ್ದೂ ಕಾಣಲಿಲ್ಲ. ಬಿಟ್ಟ ಗುರುತೇ ಇಲ್ಲದಂತೆ ಮಾಯವಾದವು.

ಆಗ ಬೂದಿಗಣ್ಣ ಮತ್ತೆ ಬಂದು ಸಭೆಯ ನಡುವೆ ನಿಂತ. "ಅರಸಾ, ಒಂದು ಮಂಡಲ ಗಡುವು ಕೊಡುತ್ತೇನೆ," ಎಂದ. "ನಲವತ್ತೆಂಟನೆಯ ದಿನ ಹೊತ್ತು ಮುಳುಗುವುದರೊಳಗೆ ನಿನ್ನ ಹೊಂಡದಲ್ಲಿ ಮೀನು ತಲೆ ಎತ್ತಿದರೆ ನಾನು ಈ ನಾಡಿನ ಕಡೆ ತಿರುಗಿ ನೋಡುವುದಿಲ್ಲ. ಎತ್ತದಿದ್ದರೆ ಹೊಂಡ ನನ್ನದು, ಕಾಲುವೆ ನನ್ನದು, ಕಾಲುವೆಯ ನೀರು ಕುಡಿಯುವ ಅರವತ್ತು ಹಳ್ಳಿಯೂ ನನ್ನದು."

ಅರಸನಿಗೆ ಮೂಗಿನ ತುದಿಯಲ್ಲೇ ಕೋಪ. ಮಂತ್ರಿ ಕೈ ಹಿಡಿದು ತಡೆಯುವಷ್ಟರಲ್ಲಿ "ಆಗಲಿ" ಎಂದುಬಿಟ್ಟ. ಅರಸನ ಬಾಯಿಂದ ಬಂದ ಮಾತು ಕಲ್ಲಿನ ಮೇಲೆ ಕೊರೆದ ಹಾಗೆ. ಅಂದೇ ಡಂಗುರ ಹೊಡೆಸಿದರು: ಹೊನ್ನಹೊಂಡದಲ್ಲಿ ಮೀನು ಉಳಿಸಿಕೊಟ್ಟವರಿಗೆ ಅರ್ಧ ರಾಜ್ಯ.

ಪಂಡಿತರು ಬಂದರು. ಒಬ್ಬ ನೀರಿಗೆ ಮುತ್ತಿನ ಪುಡಿ ಹಾಕಿಸಿದ, ಒಬ್ಬ ಗಂಧ ತೇಯಿಸಿ ಸುರಿಸಿದ, ಒಬ್ಬ ನಾಲ್ಕು ದಿಕ್ಕಿಗೂ ಕುಳಿತು ಮಂತ್ರ ಹೇಳಿದ. ಐದು ದಿನ ಕಳೆಯಿತು. ನೀರು ಇನ್ನಷ್ಟು ತಿಳಿಯಾಯಿತು, ಅಷ್ಟೆ.

ಊರ ಹೊರಗಿನ ಅಂಬಿಗರ ಕೇರಿಯಲ್ಲಿ ಆಗ ಉಳಿದಿದ್ದುದು ಹನ್ನೊಂದು ಮನೆ. ಅದರಲ್ಲೊಂದು ಹುಲಿಗೆವ್ವನದು. ಮೂವತ್ತು ದಾಟಿದ ಹೆಂಗಸು, ಗಟ್ಟಿ ಮೈಕಟ್ಟು, ಮಾತು ಕಡಿಮೆ. ಗಂಡ ಭರಮಪ್ಪ ಎರಡು ವರ್ಷದ ಹಿಂದೆ ಬಲೆ ಹೊತ್ತು ತೆಂಕಣ ಹೊಳೆಯ ಕಡೆ ಹೋದವನು ಬಂದಿರಲಿಲ್ಲ. ಅವಳು ಹೋಗಲಿಲ್ಲ, ಯಾಕೆಂದರೆ ಅತ್ತೆ ಯಮನವ್ವ ನಡುಗುಜ್ವರದಲ್ಲಿ ಮಲಗಿದ್ದಳು. ಮುದುಕಿಯ ಮೈಯಲ್ಲಿ ಕಸುವಿಲ್ಲದಿದ್ದರೂ ನಾಲಿಗೆಯಲ್ಲಿತ್ತು. ಡಂಗುರ ಕೇಳಿದ ದಿನದಿಂದ ಸೊಸೆಯನ್ನು ಕುಟುಕುತ್ತಲೇ ಇದ್ದಳು.

"ಹೊಂಡ ಹೊಸದಾಗಿ ಹೆತ್ತ ಬಾಣಂತಿ ಇದ್ದ ಹಾಗೆ," ಎಂದಳು ಯಮನವ್ವ. "ಕಾಯಿಸಬೇಕು, ಖಾರ ಕೊಡಬೇಕು, ಆಮೇಲೆ ಹೊಟ್ಟೆ ತುಂಬಿಸಬೇಕು. ಅವರು ಹೆತ್ತ ದಿನವೇ ಸೀರೆ ಉಡಿಸಿ ಮೆರವಣಿಗೆ ಮಾಡಿದರು. ನೀನು ಹೋಗಿ ಹೇಳು."

ತನ್ನ ಮಾತು ಅರಮನೆಯಲ್ಲಿ ಯಾರು ಕೇಳುತ್ತಾರೆ ಎಂದಳು ಸೊಸೆ. ಕೇಳದಿದ್ದರೆ ಬಾ, ಹೇಳದೆ ಬರಬೇಡ ಎಂದಳು ಅತ್ತೆ.

ಆರನೆಯ ದಿನ ಬೆಳಗ್ಗೆ ಹುಲಿಗೆವ್ವ ಹೊಂಡಕ್ಕೆ ಬಂದಳು. ಅರಸ ಮೆಟ್ಟಿಲ ಮೇಲೆ ಕುಳಿತಿದ್ದ. ಅವಳು ನೀರಿಗಿಳಿದು, ಮುಳುಗಿ, ತಳದಿಂದ ಚಿಟಿಕೆ ಮಣ್ಣು ತಂದು ನಾಲಿಗೆಯ ತುದಿಗೆ ಇಟ್ಟುಕೊಂಡಳು. ಹುಣಸೆಯಂತೆ ಹುಳಿ. ಉಗಿದು, ಸೆರಗು ಹಿಂಡಿಕೊಂಡು, ಅರಸನಿಗೆ ಕೈಮುಗಿದಳು.

"ಮಹಾಸ್ವಾಮಿ, ಈ ನೀರಿನಲ್ಲಿ ಮುಖ ನೋಡಿಕೊಳ್ಳಬಹುದು. ಬದುಕುವುದಕ್ಕಾಗುವುದಿಲ್ಲ. ಮಣ್ಣು ಹುಳಿಯಾಗಿದೆ, ನೀರಿನಲ್ಲಿ ಮರಿ ತಿನ್ನುವಂಥದ್ದು ಏನೂ ಇಲ್ಲ. ಎಲ್ಲವನ್ನೂ ಬರಿದು ಮಾಡಿ ಮೊದಲಿಂದ ಶುರು ಮಾಡಬೇಕು."

ಅರಸನ ಮುಖ ಕಪ್ಪಿಟ್ಟಿತು. ಮೂರು ವರ್ಷ ದುಡಿಸಿ ತುಂಬಿಸಿದ ನೀರು. ನೆರೆಯ ಮೂವರು ಅರಸರು ನೋಡಿ ಹೊಟ್ಟೆ ಉರಿದುಕೊಂಡು ಹೋದ ನೀರು. ಆದರೆ ಉಳಿದಿದ್ದುದು ನಲವತ್ತಮೂರೇ ದಿನ, ಪಂಡಿತರು ಆಗಲೇ ಗಂಟುಮೂಟೆ ಕಟ್ಟುತ್ತಿದ್ದರು. ತೂಬು ತೆಗೆಯಿರಿ ಎಂದು ಹೇಳಿ, ನೋಡಲಾರದೆ ಎದ್ದುಹೋದ.

ಮೂರು ದಿನಕ್ಕೆ ಹೊಂಡ ಬರಿದಾಯಿತು. ಬೇಸಿಗೆಯ ಬಿಸಿಲು ತಳಕ್ಕೆ ಬಿತ್ತು. ನೆಲ ಬಿರಿಯುವವರೆಗೆ, ಬಿರುಕಿನಲ್ಲಿ ಅಂಗೈ ಇಳಿಯುವವರೆಗೆ ಕಾಯಬೇಕು ಎಂದಳು ಹುಲಿಗೆವ್ವ. ನೆಲ ಬಿರಿಯಿತು. ಆದರೆ ನಟ್ಟನಡುವೆ ಒಂದು ಬಂಡಿಯಗಲ ಜಾಗ ಒಣಗಲೊಲ್ಲದು. ಹಗಲು ಒಣಗಿದಂತೆ ಕಂಡು ಬೆಳಗಾಗುವಷ್ಟರಲ್ಲಿ ಮತ್ತೆ ಹಸಿಯಾಗುತ್ತಿತ್ತು. ಅವಳು ಅಲ್ಲಿ ಮಲಗಿ ನೆಲಕ್ಕೆ ಕಿವಿ ಹಚ್ಚಿದಳು. ಕೆಳಗೆ ಯಾರೋ ಉಸಿರಾಡುತ್ತಿದ್ದರು.

ಗುದ್ದಲಿ ಹಾಕಿ ಎದೆಯಾಳ ಅಗೆದಾಗ ಒಂದು ಹಾವುಮೀನು ಸಿಕ್ಕಿತು. ತೊಡೆಗಾತ್ರದ ಮೈ, ಬೂದಿಯ ಬಣ್ಣದ ಕಣ್ಣು. ಮೂರನೆಯ ಸಲ ಬಿಟ್ಟ ಮುನ್ನೂರು ಗಡಿಗೆ ಮರಿಯನ್ನು ತಿಂದದ್ದು ಅದೇ. ಅದು ಬಾಯಿ ತೆರೆದು ಮಾತಾಡಿತು.

"ನನ್ನನ್ನು ಕಡಿದರೆ ಎರಡಾಗುತ್ತೇನೆ. ಎರಡನ್ನೂ ಕಡಿದರೆ ನಾಲ್ಕಾಗುತ್ತೇನೆ. ಇರಲು ಬಿಡು, ಇನ್ನು ಮುಂದೆ ಅರ್ಧ ಮಾತ್ರ ತಿನ್ನುತ್ತೇನೆ."

ಇಂದು ಅರ್ಧ ತಿಂದ ಬಾಯಿ ನಾಳೆ ಪೂರ್ತಿ ತಿನ್ನುತ್ತದೆ ಎಂದುಕೊಂಡಳು ಹುಲಿಗೆವ್ವ. ಹರಿಯುವ ನೀರಿನಲ್ಲಿ ಮಾಟ ನಿಲ್ಲುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ದೊಡ್ಡ ಬಾನಿಗೆ ಹಾಕಿ, ಒದ್ದೆ ಗೋಣಿ ಮುಚ್ಚಿ, ತಲೆಯ ಮೇಲೆ ಹೊತ್ತು ಬಿಳಿಹೊಳೆಯ ದಾರಿ ಹಿಡಿದಳು. ಹೊಳೆ ಎರಡು ಹರದಾರಿ ದೂರ.

ಮೊದಲ ಹರದಾರಿಯಲ್ಲಿ ಬಾನಿಯೊಳಗಿಂದ ಅರಸನ ದನಿ ಬಂತು: "ಹುಲಿಗೆವ್ವ, ನಿಲ್ಲು, ಇಡೀ ರಾಜ್ಯವನ್ನೇ ಕೊಡುತ್ತೇನೆ." ಅವಳು ಬೆಚ್ಚಿ "ಯಾರು?" ಎಂದಳು. ಎಂದದ್ದೇ ತಡ, ಬಾನಿ ಎರಡು ಪಟ್ಟು ಭಾರವಾಯಿತು, ಕುತ್ತಿಗೆಯ ಮೂಳೆ ಲಟಕ್ಕೆಂದಿತು. ಮಾತಾಡಿದರೆ ಭಾರವಾಗುತ್ತದೆಂದು ತಿಳಿದು ತುಟಿ ಕಚ್ಚಿಕೊಂಡಳು. ಇನ್ನಷ್ಟು ನಡೆದ ಮೇಲೆ ಗಂಡನ ದನಿ ಬಂತು: "ನಾನು ಭರಮ. ಈ ದಾರಿಯಲ್ಲೇ ಬರುತ್ತಿದ್ದೇನೆ, ಒಂದು ಸಲ ಓ ಅನ್ನು." ಎರಡು ವರ್ಷದಿಂದ ಕೇಳದ ದನಿ. ಕಣ್ಣಲ್ಲಿ ನೀರು ಬಂತು, ಬಾಯಿ ತೆರೆಯಲಿಲ್ಲ. ಹೊಳೆಯ ಮರಳು ಕಾಲಿಗೆ ಸಿಕ್ಕಾಗ ಯಮನವ್ವನ ದನಿ ಬಂತು, ಸಣ್ಣಗೆ, ನಡುಗುತ್ತಾ: "ಹುಲಿಗೆವ್ವಾ, ಜೀವ ಹೋಗುತ್ತಿದೆಯೇ, ಒಂದು ಗುಟುಕು ನೀರು ಕೊಡೇ."

ಅವಳ ಕಾಲು ನಿಂತುಬಿಟ್ಟಿತು. ಸೊಸೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಆ ಕರೆಗೆ ಒಂದು ಸಲವೂ ಓಗೊಡದೆ ಇದ್ದವಳಲ್ಲ. ಓಗೊಟ್ಟರೆ ಭಾರಕ್ಕೆ ಅಲ್ಲೇ ಕುಸಿಯುತ್ತಿದ್ದಳು. ಆಗ ಅವಳಿಗೊಂದು ಯೋಚನೆ ಹೊಳೆಯಿತು: ನಮ್ಮ ಅತ್ತೆ ನೀರು ಕೇಳುವಾಗ ಬಯ್ಯದೆ ಕೇಳಿದ್ದುಂಟೆ? ನಗು ಬಂತು. ನಗುತ್ತಲೇ ನಡೆದು, ಸೊಂಟದ ನೀರಿಗಿಳಿದು ಬಾನಿ ಮಗುಚಿದಳು. ಹೊಳೆಯ ನೀರು ತಾಕಿದ ಕೂಡಲೇ ಆ ಮಾಯದ ಮೀನು ಬೆರಳುದ್ದದ ಬಡ ಮೀನಾಗಿ, ನಾಚಿಕೊಂಡಂತೆ ಕಲ್ಲಸಂದಿಗೆ ನುಗ್ಗಿತು. ಮರುದಿನ ಹೊಂಡದ ನಡುವಿನ ನೆಲವೂ ಬಿರಿಯಿತು.

ಎರಡನೆಯ ಕೆಲಸ ಸುಣ್ಣದ್ದು. ಮಣ್ಣಿನ ಹುಳಿ ತೆಗೆಯಲು ಸುಣ್ಣ ಬಿಟ್ಟರೆ ಬೇರೆ ಮದ್ದಿಲ್ಲ. ಅರಸ ಬಂಡಿಗಟ್ಟಲೆ ಕಪ್ಪೆಚಿಪ್ಪು ತರಿಸಿ ಸುಡಿಸಿದ. ಸುಟ್ಟ ಸುಣ್ಣವನ್ನು ಪುಡಿ ಮಾಡಿ, ಬುಟ್ಟಿಗೆ ತುಂಬಿ, ಗಾಳಿಯಿಲ್ಲದ ಬೆಳಗಿನಲ್ಲಿ ಊರಿನ ಹೆಂಗಸರು ಗಂಡಸರು ಹೊಂಡಕ್ಕಿಳಿದರು.

ಬುಟ್ಟಿ ಸೊಂಟದಿಂದ ಮೇಲೆತ್ತಿದ್ದೇ ತಡ, ಎಲ್ಲಿಂದಲೋ ಒಂದು ನಾಯಿ ಓಡಿಬಂತು. ಮೈಯೆಲ್ಲ ಗಾಳಿ, ಬಾಲವೊಂದು ಸುಂಟರಗಾಳಿ. ಅದು ಬೊಗಳಿದರೆ ಬಿರುಗಾಳಿ ಏಳುತ್ತಿತ್ತು. ಸುಣ್ಣವೆಲ್ಲ ಹಾರಿ ಜನರ ಕಣ್ಣಿಗೆ ಬಿತ್ತು. ಅಯ್ಯೋ ಎಂದು ಎಲ್ಲರೂ ಮೆಟ್ಟಿಲೇರಿ ಓಡಿದರು. ಬುಟ್ಟಿ ಕೆಳಗಿಟ್ಟರೆ ನಾಯಿಯಿಲ್ಲ, ಎತ್ತಿದರೆ ಬಂತು. ಎರಡನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಜನ ಬರಲಿಲ್ಲ. ಅರಮನೆಯಲ್ಲಿ ಗುಸುಗುಸು ಶುರುವಾಯಿತು: ಈ ಹೆಂಗಸು ಹೊಂಡ ಬರಿದು ಮಾಡಿಸಿದಳು, ಈಗ ಊರನ್ನೇ ಕುರುಡು ಮಾಡುತ್ತಾಳೆ, ಮಾಂತ್ರಿಕನ ಕಡೆಯವಳಿರಬಹುದು.

ಹುಲಿಗೆವ್ವ ಮನೆಗೆ ಬಂದು ಕಣ್ಣಿಗೆ ಹರಳೆಣ್ಣೆ ಹಚ್ಚಿಕೊಂಡು ಗೋಡೆಗೆ ಒರಗಿ ಕುಳಿತಳು. ತಪ್ಪು ತನ್ನದೇ ಎನ್ನಿಸಿತು. ಒರಗಿದ ಗೋಡೆಯ ಸುಣ್ಣ ಬೆನ್ನಿಗೆ ಹತ್ತಿತ್ತು. ಅತ್ತೆ ಅದನ್ನು ನೋಡಿ, ಗೋಡೆಗೆ ಸುಣ್ಣ ಬಳಿಯುವಾಗ ಯಾವ ಗಾಳಿಗೆ ಹೆದರಿದ್ದೀಯೇ, ಎಂದು ಕೇಳಿದಳು.

ಮರುದಿನ ಹುಲಿಗೆವ್ವ ಕೇರಿಯ ಹತ್ತು ಹೆಂಗಸರನ್ನಷ್ಟೇ ಕರೆದುಕೊಂಡು ಹೋದಳು. ಸುಟ್ಟ ಸುಣ್ಣಕ್ಕೆ ಹಂಡೆಗಳಲ್ಲಿ ನೀರು ಹೊಯ್ದರು. ಸುಣ್ಣ ಕೊತಕೊತ ಕುದಿದು, ಆರಿ, ಹಾಲಿನಂತಾಯಿತು. ಅದನ್ನು ಕೊಡದಲ್ಲಿ ಮೊಗೆದು ತಳಕ್ಕೆಲ್ಲ ಸುರಿಯತೊಡಗಿದರು. ಗಾಳಿನಾಯಿ ಓಡಿಬಂದು ಬೊಗಳಿತು. ಒದ್ದೆ ಸುಣ್ಣ ಅಲುಗಲಿಲ್ಲ. ಇನ್ನೂ ಜೋರಾಗಿ ಬೊಗಳಿತು. ಹೆಂಗಸರ ಸೆರಗು ಹಾರಿತು, ಸುಣ್ಣ ಹಾರಲಿಲ್ಲ. ಕೊನೆಗೆ ಸಿಟ್ಟಿನಿಂದ ಹಂಡೆಗೇ ಬಾಯಿ ಹಾಕಿತು. ನಾಲಿಗೆ ಸುಟ್ಟು, ಕುಂಯ್ ಎಂದು ಬಾಲ ಮುದುರಿ, ಏಳು ಬೆಟ್ಟ ದಾಟಿ ಓಡಿತು. ಸಂಜೆಯ ಹೊತ್ತಿಗೆ ಹೊಂಡದ ತಳ ಹೊಸದಾಗಿ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿತ್ತು. ವಾರ ಕಳೆದು ಹುಲಿಗೆವ್ವ ಮಣ್ಣು ನಾಲಿಗೆಗಿಟ್ಟುಕೊಂಡಳು. ಹುಳಿ ಹೋಗಿ ಬರೀ ಮಣ್ಣಿನ ರುಚಿಯಿತ್ತು.

ಮೂರನೆಯದು ನೀರಿನ ಕೆಲಸ. ಕೊಟ್ಟಿಗೆಗಳಿಂದ ಸಗಣಿ ಗೊಬ್ಬರ ಹೊರಿಸಿ ತಳಕ್ಕೆ ಹರಡಿಸಿದಳು. ಅರಸ ಮೂಗು ಮುಚ್ಚಿಕೊಂಡ. ಕಾಲುವೆಯ ಬಾಯಿಗೆ ಬಿದಿರ ತಡಿಕೆ ಕಟ್ಟಿ, ಅದರ ಮೇಲೆ ಒತ್ತಾದ ಬಟ್ಟೆ ಬಿಗಿದಳು, ಕಳ್ಳ ಮೀನೊಂದೂ ನುಸುಳಬಾರದೆಂದು. ನೀರು ಸೋಸಿ ಸೋಸಿ ಒಳಗೆ ಬಂತು. ಇನ್ನು ಬಿಸಿಲು ಬಿದ್ದರೆ ನೀರು ಹಸಿರಾಗುತ್ತದೆ, ಹಸಿರಿನಲ್ಲಿ ಕಣ್ಣಿಗೆ ಕಾಣದ ಹುಳುಗಳು ಹುಟ್ಟುತ್ತವೆ, ಮರಿಗಳಿಗೆ ಅದೇ ತಾಯಿಹಾಲು. ಗುರುತು ಹೇಗೆಂದು ಅರಸ ಕೇಳಿದಾಗ, ಮೊಣಕೈವರೆಗೆ ಕೈ ಮುಳುಗಿಸಿದರೆ ಬೆರಳು ಕಾಣಬಾರದು, ಆಗ ನೀರು ಸಿದ್ಧ ಎಂದಳು.

ದಿನವೂ ಕೈ ಮುಳುಗಿಸಿದಳು. ದಿನವೂ ಐದು ಬೆರಳು ಐದು ಉಗುರು ಸ್ಪಷ್ಟವಾಗಿ ಕಂಡವು. ಊರ ಮೇಲೆಲ್ಲ ಸುಡುಬಿಸಿಲು, ಹೊಂಡದ ಮೇಲೆ ಮಾತ್ರ ಮಬ್ಬು ನೆರಳು. ಆಕಾಶದಲ್ಲಿ ಮೋಡವಿರಲಿಲ್ಲ. ಮೂವತ್ತೆಂಟನೆಯ ದಿನ ಅವಳು ತಲೆಯೆತ್ತಿ ನೆರಳಿನ ಅಂಚನ್ನು ಕಣ್ಣಲ್ಲೇ ಹಿಂಬಾಲಿಸಿದಳು. ಅದು ಏರಿಯ ತುದಿಯಲ್ಲಿ ಕಂಬದಂತೆ ನಿಂತಿದ್ದ ಬೂದಿಗಣ್ಣನ ಪಾದಕ್ಕೆ ಹೋಗಿ ಸೇರಿತ್ತು. ತನ್ನ ನೆರಳನ್ನು ಚಾಪೆಯಂತೆ ಬಿಚ್ಚಿ ಹೊಂಡಕ್ಕೆ ಹೊದಿಸಿದ್ದ. ಕಾಗೆಯೊಂದು ಅವನ ತಲೆಯ ಮೇಲೆ ಕುಳಿತು ಕುಕ್ಕುತ್ತಿದ್ದರೂ ಅವನು ಕೈಯೆತ್ತಿ ಓಡಿಸಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದಳು. ಯಮನವ್ವ ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿದಳು.

"ಅಲುಗಿದರೆ ನೆರಳು ಸರಿಯುತ್ತದೆ, ಅದಕ್ಕೇ ಕಲ್ಲಾಗಿ ನಿಂತಿದ್ದಾನೆ. ಅಂದರೆ ಹಗಲೆಲ್ಲ ಅವನ ಮನೆ ಖಾಲಿ. ಹೊಂಡದ ಜೀವ ಕದ್ದನಲ್ಲ, ಕದ್ದವನು ಚೆಲ್ಲುವುದಿಲ್ಲವೇ ಹುಡುಗಿ, ಬಚ್ಚಿಡುತ್ತಾನೆ."

ಮರುದಿನ ಬಿಸಿಲೇರಿದ ಮೇಲೆ ಹುಲಿಗೆವ್ವ ಮಾಂತ್ರಿಕ ವಾಸವಾಗಿದ್ದ ಬೂದಿಗುಡ್ಡ ಹತ್ತಿದಳು. ಮಾಂತ್ರಿಕನ ಮನೆಗೆ ಬೀಗವಿರಲಿಲ್ಲ. ಅವನ ಹೆಸರೇ ಬೀಗವಾಗಿತ್ತು, ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಒಳಗೆ ಸಾಲುಸಾಲು ಗಡಿಗೆಗಳು, ಎಲ್ಲದರಲ್ಲೂ ನೀರು. ಹೊಂಡದ ಜೀವ ಯಾವುದರಲ್ಲಿದೆಯೆಂದು ತಿಳಿಯಲು ಅವಳಿಗೆ ಒಂದೇ ದಾರಿ ಗೊತ್ತಿತ್ತು. ಮೊದಲ ಗಡಿಗೆಯಲ್ಲಿ ಮೊಣಕೈವರೆಗೆ ಕೈ ಮುಳುಗಿಸಿದಳು. ನೀರೊಳಗೆ ಅವಳ ಕೈಗೆ ತೋಳುದ್ದ ಚಿನ್ನದ ಬಳೆಗಳಿದ್ದವು, ಹೊರಗೆ ತೆಗೆದರೆ ಇಲ್ಲ. ಎರಡನೆಯದರಲ್ಲಿ ಕೈ ಎಳೆಯದಾಗಿತ್ತು, ಮದುವೆಗೆ ಮುಂಚಿನ ಕೈ, ಬಲೆಯ ಹುರಿ ಕೊಯ್ದ ಗಾಯ ಒಂದೂ ಇರಲಿಲ್ಲ. ಮೂರನೆಯದರಲ್ಲಿ ಅವಳ ಬೆರಳುಗಳ ನಡುವೆ ಭರಮಪ್ಪನ ಬೆರಳುಗಳು ಹೆಣೆದುಕೊಂಡಿದ್ದವು, ಬೆಚ್ಚಗೆ. ಆ ಗಡಿಗೆಯ ಮುಂದೆ ಅವಳು ಬಹಳ ಹೊತ್ತು ಕುಳಿತಳು. ಹೊರಗೆ ಬಿಸಿಲು ಬಾಗಿಲಿನಿಂದ ಒಂದು ಮೊಳ ಸರಿಯಿತು. ಕೊನೆಗೆ ನಿಜದ ಕೈಯಾದರೆ ತಾನಾಗಿ ಬರಲಿ ಎಂದುಕೊಂಡು ಎದ್ದಳು.

ಗಡಿಗೆ ಗಡಿಗೆಗೂ ಕೈ ಹಾಕಿದಳು, ಎಲ್ಲದರಲ್ಲೂ ಬೆರಳು ಕಂಡವು. ಕಡೆಗೆ ಅಡುಗೆ ಒಲೆಯ ಹಿಂದೆ, ಬಾಯಿ ಒಡೆದ ಮಣ್ಣಿನ ಕೊಡವೊಂದು ಸಿಕ್ಕಿತು. ಪಾಚಿಯ ವಾಸನೆ. ಕೈ ಮುಳುಗಿಸಿದಳು. ಮೊಣಕೈ ಕಂಡಿತು, ಬೆರಳು ಕಾಣಲಿಲ್ಲ. ಕೊಡವನ್ನು ಸೊಂಟಕ್ಕೇರಿಸಿ ಓಡಿದಳು.

ಕೊಡ ಹೊಸ್ತಿಲು ದಾಟಿದ ಗಳಿಗೆಗೆ ಏರಿಯ ಮೇಲೆ ಬೂದಿಗಣ್ಣನ ಎದೆ ಧಗ್ಗೆಂದಿತು. ಹನ್ನೆರಡು ವರ್ಷ ಅವನು ಬದುಕಿದ್ದು, ಬೆಳೆದದ್ದು ಆ ಕೊಡದ ನೀರನ್ನು ದಿನಕ್ಕೊಂದು ಗುಟುಕು ಕುಡಿದು. ಎಷ್ಟು ಕುಡಿದರೂ ಅದು ಮತ್ತೆ ತುಂಬುತ್ತಿತ್ತು. ನಿಂತರೆ ಕೊಡ ಹೋಗುತ್ತದೆ, ಹೋದರೆ ನೆರಳು ಸರಿಯುತ್ತದೆ. ಅವನು ನೆರಳನ್ನು ಕಿತ್ತುಕೊಂಡು ಹದ್ದಾಗಿ ಹಾರಿದ. ಹೊಂಡದ ಮೇಲೆ ದಿಢೀರನೆ ಬಿಸಿಲು ಬಿತ್ತು. ಮೆಟ್ಟಿಲ ಮೇಲಿದ್ದ ಅರಸ ಕಣ್ಣು ಕಿರಿದು ಮಾಡಿ ಎದ್ದುನಿಂತ.

ಹುಲಿಗೆವ್ವ ಹೊಂಡದ ಮೇಲಿನ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಹದ್ದು ಅವಳ ಮುಂದೆ ಇಳಿದು ಮಾಂತ್ರಿಕನಾಗಿ ನಿಂತಿತು. ಅವನು ಬಾಯಲ್ಲಿ ಏನೋ ಮಣಮಣಿಸಿದ. ಅವಳ ಪಾದ ಕಲ್ಲಾಯಿತು. ಮೊಣಕಾಲು ಕಲ್ಲಾಯಿತು. ಸೊಂಟ ಕಲ್ಲಾಗತೊಡಗಿತು. ಕೊಡ ಇನ್ನೂ ಅವಳ ಕೈಯಲ್ಲಿತ್ತು, ನೀರು ಹತ್ತು ಮೆಟ್ಟಿಲು ಕೆಳಗಿತ್ತು. ಅವಳು ಅರಸನತ್ತ ಕೊಡ ಚಾಚಿ, "ಮಹಾಸ್ವಾಮಿ, ನೀವು ಇಳಿಯಬೇಕು," ಎಂದಳು.

ಕೇತರಾಯ ಹುಟ್ಟಿದ ಮೇಲೆ ಕೊಡ ಹೊತ್ತವನಲ್ಲ, ಪಾಚಿ ಮುಟ್ಟಿದವನಲ್ಲ. ಈಗ ಕೊಡವನ್ನು ಎದೆಗವಚಿಕೊಂಡು, ಜರತಾರಿ ಪಂಚೆಯಲ್ಲೇ ದಡದಡ ಮೆಟ್ಟಿಲಿಳಿದ. ಸಗಣಿ ಗೊಬ್ಬರದ ನೀರಿಗೆ ಎದೆಮಟ್ಟ ನಡೆದು ಕೊಡವನ್ನು ಬೋರಲು ಹಾಕಿದ. ಅವನ ಸುತ್ತ ಮೊದಲು ಒಂದು ತಟ್ಟೆಯಗಲ ಹಸಿರು ಕಂಡಿತು. ಆಮೇಲೆ ಅಂಗಳದಗಲ. ಬಟ್ಟೆಗೆ ಬಣ್ಣ ಹತ್ತಿದಂತೆ ಹಸಿರು ಮೂಲೆಯ ಕಲ್ಲಾನೆಗಳವರೆಗೂ ಹರಿಯಿತು. ಅದು ಹರಿದಂತೆ ಹುಲಿಗೆವ್ವನ ಸೊಂಟ, ಮೊಣಕಾಲು, ಪಾದ ಒಂದೊಂದಾಗಿ ಮೆತ್ತಗಾದವು. ಬೂದಿಗಣ್ಣನ ಬೆನ್ನು ಬಾಗಿತು, ಹಲ್ಲು ನಾಲ್ಕು ಉದುರಿದವು. ಆದರೂ ಪಣದ ಮಾತು ಪಣದ ಮಾತೇ. ನಲವತ್ತೆಂಟನೆಯ ದಿನ ಬರುತ್ತೇನೆ ಎಂದು ಹೇಳಿ ಅವನು ಕುಂಟುತ್ತಾ ಹೋದ.

ಇನ್ನು ಮರಿ ತರಬೇಕು. ಕೇರಿಯ ಹೆಂಗಸರೆಲ್ಲ ಬಿಳಿಹೊಳೆಯ ಮಡುವಿಗೆ ಹೋಗಿ ಬೆರಳುದ್ದದ ಗೆಂಡೆಮೀನಿನ ಮರಿಗಳನ್ನು ಹಿಡಿದರು. ನಲವತ್ತೆಂಟನೆಯ ದಿನ ಬೆಳಗಿನ ತಂಪಿನಲ್ಲಿ ಗಡಿಗೆಗಳನ್ನು ಹೊತ್ತು ತಂದರು. ಊರಿಗೂರೇ ದಂಡೆಯ ಮೇಲಿತ್ತು. ಬೇಗ ಸುರಿಯಿರಿ ಎಂದು ಮಂತ್ರಿ ಅವಸರ ಮಾಡಿದ. ಹುಲಿಗೆವ್ವ ಕೇಳಲಿಲ್ಲ. ಗಡಿಗೆಗಳನ್ನು ಹಾಗೆಯೇ ಹೊಂಡದಲ್ಲಿ ತೇಲಿಬಿಟ್ಟಳು. ಹೊಸ ಮನೆಗೆ ಬಂದ ಮಗು ಮೊದಲು ಬಾಗಿಲಲ್ಲಿ ನಿಂತು ಒಳಗೆ ಇಣುಕಬೇಕು, ಒಳಗಿನ ನೀರಿನ ಬಿಸಿ ಹೊರಗಿನ ನೀರಿನ ಬಿಸಿ ಒಂದಾಗಬೇಕು ಎಂದಳು. ಆಮೇಲೆ ಹೊಂಡದ ನೀರನ್ನು ಬೊಗಸೆ ಬೊಗಸೆಯಾಗಿ ಗಡಿಗೆಗೆ ಹಾಕಿದಳು. ಕೊನೆಗೆ ಗಡಿಗೆಯ ಬಾಯಿ ಓರೆ ಮಾಡಿ ಹಿಡಿದಳು, ಸುರಿಯಲಿಲ್ಲ. ಮರಿಗಳು ತಾವಾಗಿ ಒಂದೊಂದೇ ಈಜಿ ಹೊರಬಂದು ಹಸಿರಿನಲ್ಲಿ ಕಣ್ಮರೆಯಾದವು.

ಮಧ್ಯಾಹ್ನವಾಯಿತು, ಏನೂ ಕಾಣಲಿಲ್ಲ. ಒಂದೂ ತೇಲಲಿಲ್ಲ, ಒಂದೂ ತಲೆ ಎತ್ತಲಿಲ್ಲ. ಹುಲಿಗೆವ್ವ ದಂಡೆ ಬಿಟ್ಟು ಕದಲಲಿಲ್ಲ. ನೀರು ಸರಿಯಿದೆ, ಮಣ್ಣು ಸರಿಯಿದೆ ಎಂದು ತನಗೇ ಹೇಳಿಕೊಳ್ಳುತ್ತಿದ್ದಳು. ಹೊತ್ತು ಇಳಿಯುವಾಗ ಬೂದಿಗಣ್ಣ ಬಂದು ಪಡುವಣ ದಂಡೆಯ ಮೇಲೆ ನಿಂತ. ಅವನ ನೆರಳು ಉದ್ದವಾಗಿ ನೀರಿನ ಮೇಲೆ ಚಾಚಿತು.

"ಎಲ್ಲಿ ಅರಸಾ, ನಿನ್ನ ಮೀನು?" ಎಂದ. "ನನಗೆ ಕಾಣುವುದು ಪಾಚಿ ಮಾತ್ರ."

ಅರಸ ಹುಲಿಗೆವ್ವನತ್ತ ನೋಡಿದ. ಅವಳು ಮಡಿಲಿನಿಂದ ಒಂದು ಹಿಡಿ ಅಕ್ಕಿತೌಡು ತೆಗೆದು ನೀರಿನ ಮೇಲೆ ಬೀರಿದಳು. ತೌಡು ತೇಲಿತು. ಸೂರ್ಯನ ಅಂಚು ಬೆಟ್ಟಕ್ಕೆ ತಾಗಿತು. ಇನ್ನೊಂದು ಹಿಡಿ ಬೀರಿದಳು.

ಒಂದು ಬಾಯಿ ಮೇಲೆ ಬಂತು, ಗುಂಡಗೆ, ಸಾಸಿವೆ ಡಬ್ಬಿಯ ಮುಚ್ಚಳದಷ್ಟೂ ಇಲ್ಲದ ಬಾಯಿ. ಪುಳಕ್ಕೆಂದು ತೌಡು ನುಂಗಿತು. ಅದರ ಪಕ್ಕ ಇನ್ನೊಂದು. ಆಮೇಲೆ ಹತ್ತು, ಆಮೇಲೆ ನೂರು. ಆಮೇಲೆ ಹೊಂಡದ ಈ ತುದಿಯಿಂದ ಆ ತುದಿಗೆ ನೀರೆಲ್ಲ ಬಾಯಿಯಾಯಿತು, ಹನ್ನೆರಡು ವರ್ಷದ ಮೇಲೆ ಸಿರಿಗಲ್ಲಿನಲ್ಲಿ ಮತ್ತೆ ಮಳೆಯ ಸದ್ದು ಕೇಳಿತು. ತೌಡು ಮುಗಿದ ಮೇಲೆ ಮರಿಗಳು ನೀರಿನ ಮೇಲೆ ಕಪ್ಪಗೆ ಬಿದ್ದಿದ್ದ ಮಾಂತ್ರಿಕನ ನೆರಳನ್ನೂ ಚೂರುಚೂರಾಗಿ ಕಚ್ಚಿ ತಿಂದವು. ಅವನು ಎಳೆದುಕೊಳ್ಳಲು ನೋಡಿದ. ಆಗಲೇ ಅವನ ಪಾದದವರೆಗೂ ತಿಂದು ಮುಗಿಸಿದ್ದವು. ಅವನ ಮಂತ್ರಶಕ್ತಿಯೆಲ್ಲ ಇದ್ದುದು ಆ ನೆರಳಿನಲ್ಲೇ. ಬೂದಿಗಣ್ಣ ನೆರಳಿಲ್ಲದ ಬರಿಯ ಮುದುಕನಾಗಿ ದಂಡೆಯ ಮೇಲೆ ನಿಂತಿದ್ದ. ಯಾರೂ ಅವನಿಗೆ ಹೊಡೆಯಲಿಲ್ಲ, ಯಾರೂ ಅವನತ್ತ ನೋಡಲೂ ಇಲ್ಲ. ಎಲ್ಲರೂ ನೀರನ್ನು ನೋಡುತ್ತಿದ್ದರು. ಅವನು ನಡೆದುಹೋದದ್ದು ಯಾವ ದಿಕ್ಕಿಗೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಅರಸ ಅರ್ಧ ರಾಜ್ಯ ಕೊಡಲು ಮುಂದಾದ. ಹುಲಿಗೆವ್ವ ಬೇಡವೆಂದಳು. ಅವಳು ಕೇಳಿದ್ದು ಎರಡೇ: ಒಂದು ವರ್ಷ ಹೊಂಡಕ್ಕೆ ಯಾರೂ ಬಲೆ ಬೀಸಬಾರದು, ಮೂರು ವರ್ಷಕ್ಕೊಮ್ಮೆ, ಅರಸ ಯಾರೇ ಇರಲಿ, ನೀರು ಎಷ್ಟೇ ಚೆಂದವಿರಲಿ, ತೂಬು ತೆಗೆದು ತಳಕ್ಕೆ ಬಿಸಿಲು ತೋರಿಸಬೇಕು. ಕೇತರಾಯ ಎರಡಕ್ಕೂ ಒಪ್ಪಿದ, ಹೊಂಡದ ಮೇಲ್ವಿಚಾರಣೆಯನ್ನೂ ಅವಳಿಗೇ ವಹಿಸಿದ. ಮೀನುಗಳು ಸೊಳ್ಳೆಮರಿ ತಿಂದವು, ನಡುಗುಜ್ವರ ಊರು ಬಿಟ್ಟಿತು. ಯಮನವ್ವ ಹಾಸಿಗೆ ಬಿಟ್ಟೆದ್ದಳು. ಸುದ್ದಿ ಹೊಳೆಯಿಂದ ಹೊಳೆಗೆ ಹರಿದು ಅಂಬಿಗರು ಒಬ್ಬೊಬ್ಬರಾಗಿ ಮರಳಿದರು. ಒಂದು ಬೆಳಗ್ಗೆ ಭರಮಪ್ಪನೂ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ತಾಯಿ ಒಂದು ಗಳಿಗೆ ಬೈದಳು. ಹುಲಿಗೆವ್ವ ಅವನಿಗೆ ಕಾಲು ತೊಳೆಯಲು ನೀರು ಕೊಟ್ಟು, ಆಮೇಲೆ ಬೈದಳು.

ವರ್ಷ ತುಂಬಿದ ದಿನ ಮೊದಲ ಬಲೆ ಬಿತ್ತು. ಇಪ್ಪತ್ತು ಜನ ಎಳೆದರೂ ಬರಲಿಲ್ಲ, ನಲವತ್ತು ಜನ ಎಳೆಯಬೇಕಾಯಿತು. ಬಲೆಯಲ್ಲಿ ತೋಳುದ್ದದ ಗೆಂಡೆಗಳು ಬೆಳ್ಳಿಯ ಹಾಗೆ ಹೊರಳಾಡಿದವು. ಅಂದು ಸಿರಿಗಲ್ಲಿನ ಎಲ್ಲ ಮನೆಗಳ ಮೇಲೂ ಹೊಗೆಯಾಡಿತು, ಎಲ್ಲ ಬೀದಿಯಲ್ಲೂ ಮಸಾಲೆ ಅರೆಯುವ ಸದ್ದು. ಅರಸ ಅಂಬಿಗರ ಕೇರಿಯಲ್ಲಿ ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತ. ಯಮನವ್ವ ಅವನ ಎಲೆಗೆ ಬಡಿಸಿ, ಮುಳ್ಳು ನೋಡಿಕೊಂಡು ತಿನ್ನು ಮಗನೇ ಎಂದಳು. ಅವನು ಮೂರು ಸಲ ಹಾಕಿಸಿಕೊಂಡು ತಿಂದ.

ಹೊಂಡ ತುಂಬಿತು, ಬಲೆ ತುಂಬಿತು, ಊರಿನ ಹೊಟ್ಟೆ ತುಂಬಿತು. ಹೇಳುವವರ ಬಾಯಿ ತುಂಬಾ ಕತೆ, ಕೇಳುವವರ ಮನೆ ತುಂಬಾ ಸುಖ.